ರ‍್ಯಾಕೆಟ್ ಹಿಡಿಯುವ ಮುನ್ನ ಕುಂಟೆಬಿಲ್ಲೆ: ಪುಟ್ಟ ಮಕ್ಕಳ ಕ್ರೀಡಾ ಕೌಶಲಕ್ಕೆ ಬೀದಿ ಆಟಗಳೇ ಮೊದಲ ಪಾಠ

ಹೈದರಾಬಾದ್: ಮಗುವಿಗೆ ಐದು ವರ್ಷ ತುಂಬುತ್ತಿದ್ದಂತೆ ಈ ನಗರದ ಅನೇಕ ಪೋಷಕರಿಗೆ ಒಂದು ಪ್ರಶ್ನೆ ಕಾಡಲು ಶುರುವಾಗುತ್ತದೆ. ಬ್ಯಾಡ್ಮಿಂಟನ್ ಕೋಚಿಂಗ್‌ಗೆ ಈಗಲೇ ಸೇರಿಸಬೇಕೇ? ಇನ್ನೊಂದೆರಡು ವರ್ಷ ಬಿಟ್ಟರೆ ತಡವಾಗಿಬಿಡುತ್ತದೆಯೇ? ಪಿ.ವಿ. ಸಿಂಧು, ಸೈನಾ ನೆಹ್ವಾಲ್ ಬೆಳೆದ ಊರಿನಲ್ಲಿ ಈ ಪ್ರಶ್ನೆ ಸಹಜ.

ಆದರೆ ಮಕ್ಕಳ ವೈದ್ಯರು ಮತ್ತು ಕ್ರೀಡಾ ವಿಜ್ಞಾನ ಕೊಡುವ ಉತ್ತರ ಪೋಷಕರಿಗೆ ಕೊಂಚ ಅಚ್ಚರಿ ತರಬಹುದು. ಎಂಟು ವರ್ಷದೊಳಗಿನ ಮಗುವಿಗೆ ಮೊದಲು ಬೇಕಾಗಿರುವುದು ಒಂದು ನಿರ್ದಿಷ್ಟ ಕ್ರೀಡೆಯ ತರಬೇತಿ ಅಲ್ಲ. ಓಡುವುದು, ಜಿಗಿಯುವುದು, ಎಸೆಯುವುದು, ಹಿಡಿಯುವುದು, ಬೀಳದಂತೆ ನಿಲ್ಲುವುದು. ಇವನ್ನು ಕಲಿಸಲು ದುಬಾರಿ ಅಕಾಡೆಮಿಯೂ ಬೇಕಿಲ್ಲ. ಅಜ್ಜಿ, ಅಮ್ಮ ಆಡಿದ ಕುಂಟೆಬಿಲ್ಲೆ, ಲಗೋರಿ, ಮರಕೋತಿ ಸಾಕು. ಯಾಕೆ, ಹೇಗೆ ಎಂಬ ವಿವರ ಇಲ್ಲಿದೆ.

ಹೈದರಾಬಾದ್‌ನಲ್ಲೇ ಯಾಕೆ ಈ ಚರ್ಚೆ?

2001ರಲ್ಲಿ ಪುಲ್ಲೇಲ ಗೋಪಿಚಂದ್ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. 1980ರಲ್ಲಿ ಕನ್ನಡಿಗ ಪ್ರಕಾಶ್ ಪಡುಕೋಣೆ ಗೆದ್ದ ನಂತರ ಆ ಪ್ರಶಸ್ತಿ ಭಾರತಕ್ಕೆ ಬಂದದ್ದು ಆಗಲೇ. ಮುಂದೆ ಗೋಪಿಚಂದ್ ತಮ್ಮ ಮನೆಯನ್ನೇ ಅಡವಿಟ್ಟು ಗಚ್ಚಿಬೌಲಿಯಲ್ಲಿ ಅಕಾಡೆಮಿ ಕಟ್ಟಿದರು. 2008ರಲ್ಲಿ ಆರಂಭವಾದ ಆ ಅಕಾಡೆಮಿಯ ಹೆಸರು ಕೆಲವೇ ವರ್ಷಗಳಲ್ಲಿ ದೇಶದ ಮನೆಮಾತಾಯಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೈನಾಗೆ ಕಂಚು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಿಂಧುಗೆ ಬೆಳ್ಳಿ ಬಂದವು. ಕಿದಂಬಿ ಶ್ರೀಕಾಂತ್ 2018ರಲ್ಲಿ ವಿಶ್ವದ ನಂಬರ್ 1 ಪಟ್ಟಕ್ಕೇರಿದರು.

ಈ ಯಶಸ್ಸಿನ ಬೆನ್ನಿಗೇ ನಗರದ ಬಡಾವಣೆ ಬಡಾವಣೆಗಳಲ್ಲಿ ಕೋರ್ಟ್‌ಗಳು ತಲೆ ಎತ್ತಿದವು. ಬೇಗ ಶುರು ಮಾಡಿದವರೇ ಗೆಲ್ಲುತ್ತಾರೆ ಎಂಬ ನಂಬಿಕೆಯೂ ಬೆಳೆಯಿತು. ತಿಂಗಳ ಶುಲ್ಕ, ಶೂ, ರ‍್ಯಾಕೆಟ್, ಓಡಾಟ ಎಂದು ಖರ್ಚು ಏರುತ್ತಲೇ ಹೋಗುತ್ತದೆ.

ಇದೇ ಹಿನ್ನೆಲೆಯಲ್ಲಿ 2025ರ ಫೆಬ್ರವರಿಯಲ್ಲಿ ಗೋಪಿಚಂದ್ ಆಡಿದ ಮಾತು ದೊಡ್ಡ ಚರ್ಚೆಗೆ ಕಾರಣವಾಯಿತು. ಶ್ರೀಮಂತರಲ್ಲದ ಮನೆಯವರು ಮಕ್ಕಳನ್ನು ಕ್ರೀಡೆಯನ್ನೇ ವೃತ್ತಿಯಾಗಿ ಆರಿಸಿಕೊಳ್ಳುವಂತೆ ಮಾಡಬಾರದು ಎಂಬ ಅರ್ಥದಲ್ಲಿ ಅವರು ಸಂದರ್ಶನವೊಂದರಲ್ಲಿ ಹೇಳಿದ್ದರು. ವೃತ್ತಿಯಾಗಿ ಕ್ರೀಡೆಯನ್ನು ಹಿಡಿದು ಕೊನೆಗೆ ಪದಕವೂ ಇಲ್ಲದೆ, ಕೆಲಸವೂ ಇಲ್ಲದೆ ಉಳಿಯುವವರ ಸಂಖ್ಯೆಯೇ ಹೆಚ್ಚು ಎಂಬುದು ಅವರ ಕಳಕಳಿ. ಮಾತು ಹಲವರಿಗೆ ಕಹಿ ಎನಿಸಿತು. ಆದರೆ ಅದರೊಳಗೆ ಪೋಷಕರು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಇದೆ. ಚಾಂಪಿಯನ್ ಆಗದೇ ಉಳಿಯುವ ಬಹುಪಾಲು ಮಕ್ಕಳಿಗೆ ಕ್ರೀಡೆಯಿಂದ ಏನು ಸಿಗಬೇಕು? ಗಟ್ಟಿಮುಟ್ಟಾದ, ಚುರುಕಾದ, ಆಟವೆಂದರೆ ಹೆದರದ ದೇಹ ಸಿಗಬೇಕು. ಅದಕ್ಕೆ ಬುನಾದಿ ಬೀಳುವುದು ಮೂರರಿಂದ ಎಂಟು ವರ್ಷದ ನಡುವೆ.

ಚಾಂಪಿಯನ್‌ಗಳು ಶುರು ಮಾಡಿದ್ದು ಯಾವಾಗ?

ಸಿಂಧು ಅವರ ತಂದೆ ಪಿ.ವಿ. ರಮಣ ಮತ್ತು ತಾಯಿ ಪಿ. ವಿಜಯಾ ಇಬ್ಬರೂ ವಾಲಿಬಾಲ್ ಆಟಗಾರರು. ರಮಣ 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿದ್ದವರು. ಆದರೂ ಮಗಳ ಕೈಗೆ ವಾಲಿಬಾಲ್ ಕೊಡಲೇಬೇಕೆಂದು ಹಟ ಹಿಡಿಯಲಿಲ್ಲ. ಸಿಂಧು ಬ್ಯಾಡ್ಮಿಂಟನ್ ಆಡಲು ಶುರು ಮಾಡಿದ್ದು ಸುಮಾರು ಎಂಟನೇ ವಯಸ್ಸಿನಲ್ಲಿ, ಸಿಕಂದರಾಬಾದ್‌ನ ರೈಲ್ವೆ ಸಂಸ್ಥೆಯೊಂದರ ಕೋರ್ಟ್‌ನಲ್ಲಿ.

ಹರಿಯಾಣದ ಹಿಸಾರ್‌ನಲ್ಲಿ ಹುಟ್ಟಿದ ಸೈನಾ ಹೈದರಾಬಾದ್‌ಗೆ ಬಂದಾಗ ಅವರಿಗೆ ಎಂಟು ವರ್ಷದ ಆಸುಪಾಸು. ಬ್ಯಾಡ್ಮಿಂಟನ್‌ಗೆ ಪೂರ್ತಿ ಇಳಿಯುವ ಮುನ್ನ ಅವರು ಕರಾಟೆ ಕಲಿತು ಬ್ರೌನ್ ಬೆಲ್ಟ್ ಪಡೆದಿದ್ದರು. ಒಲಿಂಪಿಕ್ಸ್ ಚಿನ್ನ ಗೆದ್ದ ನೀರಜ್ ಚೋಪ್ರಾ ಅವರದ್ದು ಇನ್ನೊಂದು ಕಥೆ. ಬಾಲ್ಯದಲ್ಲಿ ದಪ್ಪಗಿದ್ದ ಅವರನ್ನು ಮನೆಯವರು ತೂಕ ಇಳಿಸಲೆಂದು ಪಾಣಿಪತ್‌ನ ಶಿವಾಜಿ ಕ್ರೀಡಾಂಗಣಕ್ಕೆ ಕಳಿಸಿದ್ದರು. ಜಾವೆಲಿನ್ ಕಣ್ಣಿಗೆ ಬಿದ್ದದ್ದು ಅಲ್ಲಿ. ಟೆನಿಸ್ ದಿಗ್ಗಜ ರೋಜರ್ ಫೆಡರರ್ ಕೂಡ ಬಾಲ್ಯದಲ್ಲಿ ಫುಟ್‌ಬಾಲ್, ಬ್ಯಾಡ್ಮಿಂಟನ್, ಬಾಸ್ಕೆಟ್‌ಬಾಲ್ ಆಡುತ್ತಿದ್ದವರು.

ಇದಕ್ಕೆ ವಿರುದ್ಧದ ಉದಾಹರಣೆಗಳೂ ಇವೆ. ಟೈಗರ್ ವುಡ್ಸ್ ಎರಡನೇ ವಯಸ್ಸಿಗೇ ಗಾಲ್ಫ್ ಕ್ಲಬ್ ಹಿಡಿದಿದ್ದರು. ಹಾಗಾಗಿ ಒಬ್ಬಿಬ್ಬರ ಕಥೆ ಇಟ್ಟುಕೊಂಡು ತೀರ್ಮಾನಕ್ಕೆ ಬರುವಂತಿಲ್ಲ. ಆದರೆ ಮಕ್ಕಳ ವೈದ್ಯರ ಸಂಘಟನೆಗಳ ಸಲಹೆ ಸ್ಪಷ್ಟವಾಗಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪ್ರೌಢಾವಸ್ಥೆಗೆ ಬರುವವರೆಗಾದರೂ ಮಕ್ಕಳು ಹಲವು ಆಟಗಳನ್ನು ಆಡಬೇಕು. ಇದರಿಂದ ಗಾಯ, ಮಾನಸಿಕ ಒತ್ತಡ ಮತ್ತು ಆಟದ ಮೇಲಿನ ಜಿಗುಪ್ಸೆ ಮೂರೂ ಕಡಿಮೆಯಾಗುತ್ತವೆ. ಹೆಚ್ಚಿನ ಕ್ರೀಡೆಗಳಲ್ಲಿ 15-16 ವರ್ಷದವರೆಗೂ ಒಂದೇ ಆಟಕ್ಕೆ ಅಂಟಿಕೊಳ್ಳುವ ಅಗತ್ಯ ಇಲ್ಲ ಎನ್ನುತ್ತದೆ ಆ ವರದಿ. ಜಿಮ್ನಾಸ್ಟಿಕ್ಸ್‌ನಂಥ ಕೆಲವು ಆಟಗಳು ಮಾತ್ರ ಇದಕ್ಕೆ ಹೊರತು.

ಓಡುವುದು ತಾನಾಗಿಯೇ ಬರುವುದಿಲ್ಲವೇ?

ನಡೆಯುವುದು, ಓಡುವುದು ಮಗುವಿಗೆ ತಾನಾಗಿ ಬರುತ್ತದೆ, ಅದನ್ನೇನು ಕಲಿಸುವುದು ಎಂಬುದು ಸಾಮಾನ್ಯ ಅಭಿಪ್ರಾಯ. ಇದು ಅರ್ಧ ಸತ್ಯ. ಎಲ್ಲ ಮಕ್ಕಳೂ ಹೇಗೋ ಓಡುತ್ತಾರೆ, ಹೇಗೋ ಎಸೆಯುತ್ತಾರೆ. ಆದರೆ ಚೆನ್ನಾಗಿ ಓಡುವುದು, ಗುರಿ ಇಟ್ಟು ಎಸೆಯುವುದು ಅಭ್ಯಾಸವಿಲ್ಲದೆ ಬರುವುದಿಲ್ಲ.

ಕ್ರೀಡಾ ವಿಜ್ಞಾನ ಈ ಮೂಲಭೂತ ಚಲನೆಗಳನ್ನು ಮೂರು ಗುಂಪಾಗಿ ವಿಂಗಡಿಸುತ್ತದೆ.

* ಜಾಗ ಬದಲಿಸುವ ಚಲನೆಗಳು: ಓಟ, ಕುಂಟುವುದು, ಎರಡೂ ಕಾಲಲ್ಲಿ ಜಿಗಿಯುವುದು, ಪಕ್ಕಕ್ಕೆ ಸರಿಯುವುದು, ಕುಪ್ಪಳಿಸುವುದು.
* ಸಮತೋಲನದ ಚಲನೆಗಳು: ಒಂಟಿ ಕಾಲಲ್ಲಿ ನಿಲ್ಲುವುದು, ತಿರುಗುವುದು, ಬಾಗುವುದು, ಓಡುತ್ತಿರುವಾಗ ಥಟ್ಟನೆ ನಿಲ್ಲುವುದು, ಸರಿಯಾಗಿ ಬೀಳುವುದು.
* ವಸ್ತುವಿನ ಮೇಲೆ ಹಿಡಿತ: ಎಸೆಯುವುದು, ಹಿಡಿಯುವುದು, ಒದೆಯುವುದು, ಹೊಡೆಯುವುದು, ಉರುಳಿಸುವುದು.

ಎಸೆತವನ್ನೇ ನೋಡಿ. ಮೂರು ವರ್ಷದ ಮಗು ಚೆಂಡು ಎಸೆಯುವಾಗ ಕಾಲು ಕದಲಿಸುವುದಿಲ್ಲ, ಬರೀ ಕೈ ಬೀಸುತ್ತದೆ. ಮುಂದಿನ ಹಂತದಲ್ಲಿ ಎಸೆಯುವ ಕೈ ಯಾವುದೋ ಅದೇ ಬದಿಯ ಕಾಲನ್ನು ಮುಂದಿಡುತ್ತದೆ. ಪಕ್ವ ಹಂತದಲ್ಲಿ ಬಲಗೈಯಲ್ಲಿ ಎಸೆಯುವ ಮಗು ಎಡಗಾಲು ಮುಂದಿಟ್ಟು, ಸೊಂಟ ಮತ್ತು ಭುಜ ತಿರುಗಿಸಿ ಎಸೆಯುತ್ತದೆ. ಆಗ ಚೆಂಡಿಗೆ ಬರೀ ಕೈಯ ಬಲವಲ್ಲ, ಇಡೀ ದೇಹದ ಬಲ ಸಿಗುತ್ತದೆ. ಕಲ್ಲು, ಚೆಂಡು ಎಸೆದು ಬೆಳೆದ ಮಗು ಈ ಹಂತಗಳನ್ನು ದಾಟುತ್ತದೆ. ಎಸೆಯುವ ಅವಕಾಶವೇ ಸಿಗದ ಮಗು ದೊಡ್ಡದಾದ ಮೇಲೂ ಮೊದಲ ಎರಡು ಹಂತಗಳಲ್ಲೇ ಉಳಿಯಬಹುದು. ಹೆಣ್ಣುಮಕ್ಕಳು ಚೆನ್ನಾಗಿ ಎಸೆಯಲಾರರು ಎಂಬ ಕುಹಕದ ಹಿಂದೆ ಇರುವುದೂ ಬಹುಮಟ್ಟಿಗೆ ಇದೇ. ಅವರ ಕೈಗೆ ಚೆಂಡು ಬರುವುದೇ ಕಡಿಮೆ.

ಇನ್ನೊಂದು ಸಂಗತಿ. ಈ ವಯಸ್ಸಿನಲ್ಲಿ ಮಗುವಿನ ಬಲ ಹೆಚ್ಚುವುದು ಮಾಂಸಖಂಡ ದಪ್ಪಗಾಗುವುದರಿಂದ ಅಲ್ಲ. ಮಿದುಳು ಮತ್ತು ನರಗಳು ಸ್ನಾಯುಗಳನ್ನು ಸರಿಯಾದ ಕ್ಷಣದಲ್ಲಿ, ಸರಿಯಾದ ಪ್ರಮಾಣದಲ್ಲಿ ಬಳಸಲು ಕಲಿಯುತ್ತವೆ. ಹೀಗಾಗಿ ಒಂದೇ ಚಲನೆಯನ್ನು ನೂರು ಸಲ ಮಾಡಿಸುವುದಕ್ಕಿಂತ ಹತ್ತು ಬಗೆಯ ಚಲನೆಗಳನ್ನು ಮಾಡಿಸುವುದು ಹೆಚ್ಚು ಫಲ ಕೊಡುತ್ತದೆ. ಅಂಥ ವೈವಿಧ್ಯ ತಾನಾಗಿ ಸಿಗುವ ಜಾಗವೇ ಆಟ.

ಕನ್ನಡದ ಕುಂಟೆಬಿಲ್ಲೆ, ತೆಲುಗಿನ ತೊಕ್ಕುಡು ಬಿಳ್ಳ

ಹೈದರಾಬಾದ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ, ಅದರಲ್ಲೂ ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದವರಿಗೆ ಇಲ್ಲಿನ ಆಟಗಳು ಹೊಸವೇನಲ್ಲ. ಹೆಸರು ಬೇರೆ, ಆಟ ಬಹುತೇಕ ಒಂದೇ. ಯಾವ ಆಟದಿಂದ ಯಾವ ಕೌಶಲ ಬರುತ್ತದೆ ಎಂಬುದನ್ನು ಗಮನಿಸಿದರೆ ಇದೊಂದು ಪೂರ್ಣ ಪಠ್ಯಕ್ರಮದಂತೆಯೇ ಕಾಣುತ್ತದೆ.

ಕುಂಟೆಬಿಲ್ಲೆ (ತೊಕ್ಕುಡು ಬಿಳ್ಳ): ಬಿಲ್ಲೆಯನ್ನು ಸರಿಯಾದ ಮನೆಗೆ ಎಸೆಯಲು ಗುರಿ ಬೇಕು. ಗೆರೆ ತುಳಿಯದೆ ಕುಂಟಲು ಪಾದ, ಮೊಣಕಾಲು, ಸೊಂಟದ ಹಿಡಿತ ಬೇಕು. ಒಂಟಿ ಕಾಲಲ್ಲೇ ಬಾಗಿ ಬಿಲ್ಲೆ ಎತ್ತುವುದಂತೂ ಸಮತೋಲನದ ಕಠಿಣ ಪರೀಕ್ಷೆ. ಬೇಕಾಗುವ ಸಾಮಗ್ರಿ ಒಂದು ಸೀಮೆಸುಣ್ಣ, ಒಂದು ಹೆಂಚಿನ ಚೂರು.

ಲಗೋರಿ (ಏಡು ಪೆಂಕುಲಾಟ): ಏಳು ಬಿಲ್ಲೆಗಳ ಗುಡ್ಡೆಗೆ ಗುರಿ ಇಟ್ಟು ಹೊಡೆಯುವುದು, ಚೆಂಡಿನಿಂದ ತಪ್ಪಿಸಿಕೊಳ್ಳುವುದು, ಎದುರಾಳಿ ಬರುವಷ್ಟರಲ್ಲಿ ಬಿಲ್ಲೆ ಜೋಡಿಸುವುದು. ಎಸೆತ, ಓಟ, ದಿಕ್ಕು ಬದಲಾವಣೆ, ಬೆರಳಿನ ನಯಗಾರಿಕೆ ಎಲ್ಲವೂ ಒಂದೇ ಆಟದಲ್ಲಿ. ಚಿಕ್ಕ ಮಕ್ಕಳಿಗೆ ಕಾಲುಚೀಲದೊಳಗೆ ಬಟ್ಟೆ ತುರುಕಿದ ಮೆತ್ತನೆ ಚೆಂಡು ಸಾಕು.

ಮರಕೋತಿ (ಕೋತಿ ಕೊಮ್ಮಚ್ಚಿ): ಕೊಂಬೆ ಹಿಡಿದು ನೇತಾಡುವುದು ಕೈ, ಭುಜ, ಬೆನ್ನಿಗೆ ಬಲ ಕೊಡುತ್ತದೆ. ನಗರದ ಮಕ್ಕಳಲ್ಲಿ ತೀರಾ ಕೊರತೆಯಾಗಿರುವುದು ಇದೇ. ಮರ ಇಲ್ಲದ ಕಡೆ ಪಾರ್ಕ್‌ನ ಕಂಬಿ, ಏಣಿಯನ್ನು ಬಳಸಬಹುದು. ಹಿರಿಯರು ಪಕ್ಕದಲ್ಲಿ ನಿಂತಿರಬೇಕು.

ಕಂಬದಾಟ (ನಾಲುಗು ಸ್ತಂಭಾಲಾಟ): ನಾಲ್ಕು ಕಂಬ, ಐದು ಮಕ್ಕಳು. ಯಾರು ಯಾವಾಗ ಕಂಬ ಬಿಡುತ್ತಾರೆ ಎಂದು ಕಣ್ಣಲ್ಲೇ ಅಳೆದು ಥಟ್ಟನೆ ಓಡಬೇಕು. ಇನ್ನೊಬ್ಬರ ಚಲನೆಯನ್ನು ಮೊದಲೇ ಊಹಿಸುವ ಗುಣ ಬೆಳೆಯುವುದು ಇಂಥ ಆಟದಲ್ಲಿ.

ಕೆರೆ-ದಡ: ಕೆರೆ ಎಂದಾಗ ಮುಂದೆ, ದಡ ಎಂದಾಗ ಹಿಂದೆ ಜಿಗಿಯಬೇಕು. ಕಿವಿಗೆ ಬಿದ್ದ ಪದಕ್ಕೆ ದೇಹ ಪ್ರತಿಕ್ರಿಯಿಸಬೇಕು, ಮೋಸದ ಕರೆಗೆ ತಡೆದುಕೊಳ್ಳಬೇಕು. ನಾಲ್ಕು ವರ್ಷದವರೂ ಆಡಬಹುದು.

ಖೋ-ಖೋ: ಕುಳಿತಲ್ಲಿಂದ ಚಿಮ್ಮಿ ಓಡುವುದು, ಕಂಬ ಸುತ್ತಿ ತಿರುಗುವುದು. ಏಳು-ಎಂಟು ವರ್ಷದ ಮಕ್ಕಳಿಗೆ ಸಣ್ಣ ಅಂಗಳದಲ್ಲಿ ಸರಳ ನಿಯಮಗಳೊಂದಿಗೆ ಶುರು ಮಾಡಬಹುದು. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷ ಮತ್ತು ಮಹಿಳಾ ತಂಡಗಳೆರಡೂ ಗೆದ್ದಿದ್ದವು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು.

ಚಿನ್ನಿದಾಂಡು ಕಣ್ಣು ಮತ್ತು ಕೈಯ ಹೊಂದಾಣಿಕೆಗೆ ಅದ್ಭುತ ಆಟ. ಆದರೆ ಹಾರುವ ಚಿನ್ನಿ ಕಣ್ಣಿಗೆ ಬಡಿಯುವ ಅಪಾಯ ಇರುವುದರಿಂದ ಎಂಟು ವರ್ಷದೊಳಗಿನವರಿಗೆ ಬೇಡ. ಅವರಿಗೆ ಮೆತ್ತನೆ ಚೆಂಡು, ಅಗಲವಾದ ಹಗುರ ಬ್ಯಾಟ್ ಒಳ್ಳೆಯದು.

ಅಂಗಳದಿಂದ ಕೋರ್ಟ್‌ವರೆಗೆ

ಈ ಆಟಗಳಿಗೂ ಬ್ಯಾಡ್ಮಿಂಟನ್‌ಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನೇರವಾಗಿಯೇ ಇದೆ.

ತಲೆಯ ಮೇಲಿಂದ ಹೊಡೆಯುವ ಸ್ಮ್ಯಾಶ್‌ನ ಚಲನೆ ಬಹುಮಟ್ಟಿಗೆ ಎಸೆತದ ಚಲನೆಯೇ. ಪಕ್ಕಕ್ಕೆ ತಿರುಗಿ ನಿಲ್ಲುವುದು, ಮೊಣಕೈ ಎತ್ತುವುದು, ಸೊಂಟದಿಂದ ಭುಜಕ್ಕೆ, ಭುಜದಿಂದ ಮಣಿಕಟ್ಟಿಗೆ ಬಲ ಹರಿಸುವುದು ಎಲ್ಲವೂ ಒಂದೇ. ಲಗೋರಿಯಲ್ಲಿ ಸಾವಿರ ಸಲ ಎಸೆದ ಮಗುವಿಗೆ ಕೋಚ್ ಹೇಳಿಕೊಡಬೇಕಾದ್ದು ಕಡಿಮೆ. ಎಸೆಯಲೇ ಬಾರದ ಮಗು ಬರೀ ಮೊಣಕೈಯಿಂದ ಹೊಡೆಯುತ್ತದೆ, ಭುಜ ಮತ್ತು ಮೊಣಕೈ ನೋವು ತಂದುಕೊಳ್ಳುತ್ತದೆ.

ಕಾಲಿನ ವಿಚಾರ ಇನ್ನೂ ಮುಖ್ಯ. ಬ್ಯಾಡ್ಮಿಂಟನ್‌ನಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿಯುವ ಗಂಭೀರ ಗಾಯಗಳಲ್ಲಿ ಹಲವು ಆಗುವುದು ಹಿಂದಕ್ಕೆ ಜಿಗಿದು ಹೊಡೆದ ಬಳಿಕ ಒಂಟಿ ಕಾಲಲ್ಲಿ ನೆಲಕ್ಕಿಳಿಯುವಾಗ. ಆ ಕ್ಷಣದಲ್ಲಿ ಮೊಣಕಾಲು ಒಳಕ್ಕೆ ವಾಲದಂತೆ ತಡೆಯುವುದು ಸೊಂಟ ಮತ್ತು ತೊಡೆಯ ಹಿಡಿತ. ಕುಂಟೆಬಿಲ್ಲೆ ಆಡುವ ಮಗು ಈ ಒಂಟಿ ಕಾಲಿನ ಇಳಿತವನ್ನು ಸಣ್ಣ ಎತ್ತರದಲ್ಲಿ, ಕಡಿಮೆ ವೇಗದಲ್ಲಿ, ದಿನಕ್ಕೆ ಹತ್ತಾರು ಸಲ ಅಭ್ಯಾಸ ಮಾಡುತ್ತಿರುತ್ತದೆ. ಅದೂ ಅಭ್ಯಾಸ ಎಂದು ಗೊತ್ತೇ ಇಲ್ಲದಂತೆ.

ಹಾಗೆಂದು ಕುಂಟೆಬಿಲ್ಲೆ ಆಡಿದರೆ ಸಿಂಧು ಆಗಬಹುದು ಎಂದಲ್ಲ. ಯಾವ ಕ್ರೀಡೆಗೆ ಹೋದರೂ, ಹೋಗದಿದ್ದರೂ ಉಪಯೋಗಕ್ಕೆ ಬರುವ ಬಂಡವಾಳ ಇದು.

ಯಾವ ವಯಸ್ಸಿಗೆ ಎಷ್ಟು ಆಟ ಬೇಕು?

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 3-4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಚಟುವಟಿಕೆಯಿಂದಿರಬೇಕು. ಅದರಲ್ಲಿ ಕನಿಷ್ಠ 60 ನಿಮಿಷ ಉಸಿರು ಜೋರಾಗುವಂಥ ಆಟ ಇರಬೇಕು. ಕುಳಿತು ನೋಡುವ ಮೊಬೈಲ್, ಟಿವಿ ಸಮಯ ಒಂದು ಗಂಟೆ ಮೀರಬಾರದು. 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚುರುಕಿನ ಚಟುವಟಿಕೆ, ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಮೂಳೆ ಬಲಪಡಿಸುವ ಚಟುವಟಿಕೆ ಇರಬೇಕು ಎನ್ನುತ್ತದೆ. ಜಿಗಿತ, ಹತ್ತುವುದು, ನೇತಾಡುವುದು ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ.

ವಾಸ್ತವ ಬೇರೆಯೇ ಇದೆ. ಇದೇ ಸಂಸ್ಥೆಯ ಸಂಶೋಧಕರು 146 ದೇಶಗಳ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 11ರಿಂದ 17 ವರ್ಷದ ಮಕ್ಕಳಲ್ಲಿ ಶೇ 81ರಷ್ಟು ಮಂದಿ ಅಗತ್ಯವಿರುವಷ್ಟು ಚಟುವಟಿಕೆ ಮಾಡುತ್ತಿರಲಿಲ್ಲ. ಹುಡುಗಿಯರ ಸ್ಥಿತಿ ಹುಡುಗರಿಗಿಂತ ಕೆಟ್ಟದಾಗಿತ್ತು. ಹದಿಹರೆಯದಲ್ಲಿ ಆಟ ಬಿಡುವ ಮಕ್ಕಳಲ್ಲಿ ಅನೇಕರು ತಮಗೆ ಆಟ ಬರುವುದಿಲ್ಲ ಎಂದು ಚಿಕ್ಕಂದಿನಲ್ಲೇ ನಂಬಿಕೊಂಡವರು.

ವಯಸ್ಸಿಗೆ ತಕ್ಕಂತೆ ಆಟ ಆರಿಸಿಕೊಳ್ಳಲು ಈ ಸರಳ ವಿಂಗಡಣೆ ನೆರವಾಗಬಹುದು.

* 3-4 ವರ್ಷ: ಕಪ್ಪೆ ಜಿಗಿತ, ಆನೆ ನಡಿಗೆ, ಗೆರೆಯ ಮೇಲೆ ನಡೆಯುವುದು, ದೊಡ್ಡ ಚೆಂಡು ಉರುಳಿಸಿ ಹಿಡಿಯುವುದು, ಹಾಡು ನಿಂತಾಗ ಗೊಂಬೆಯಂತೆ ನಿಲ್ಲುವುದು. ಗೆಲುವು-ಸೋಲು ಬೇಡ.
* 5-6 ವರ್ಷ: ಕುಂಟೆಬಿಲ್ಲೆ, ಕೆರೆ-ದಡ, ಜೂಟಾಟ, ಬಕೆಟ್‌ಗೆ ಚೆಂಡು ಎಸೆಯುವುದು, ಬಲೂನ್ ನೆಲಕ್ಕೆ ಬೀಳದಂತೆ ತಟ್ಟುವುದು. ನಿಯಮ ಎರಡೇ ಎರಡು ಇರಲಿ.
* 7-8 ವರ್ಷ: ಲಗೋರಿ, ಕಂಬದಾಟ, ಸರಳ ಖೋ-ಖೋ, ಹಗ್ಗ ಜಿಗಿತ, ರಿಲೇ ಓಟ. ಈ ಹಂತದಲ್ಲಿ ತಂಡ, ತಂತ್ರ ಎರಡೂ ಅರ್ಥವಾಗುತ್ತವೆ. ಈಜು, ಸೈಕಲ್ ಕಲಿಸಲೂ ಸೂಕ್ತ ಕಾಲ.

ಅಪಾರ್ಟ್‌ಮೆಂಟ್‌ನಲ್ಲಿ 30 ನಿಮಿಷ ಆಡಿಸುವುದು ಹೇಗೆ?

ಅಂಗಳವಿಲ್ಲ, ಸಮಯವಿಲ್ಲ ಎನ್ನುವವರು ಸಂಜೆಯ ಅರ್ಧ ಗಂಟೆಯನ್ನು ಹೀಗೆ ಹಂಚಿಕೊಳ್ಳಬಹುದು. ಜಾಗ ವಾಹನ ಓಡಾಡದ ಟೆರೇಸ್, ಹಾಲ್ ಅಥವಾ ಪಾರ್ಕ್ ಆಗಿರಲಿ. ಟೆರೇಸ್ ಆದರೆ ಎತ್ತರದ ಗೋಡೆ ಇರಬೇಕು, ಹಿರಿಯರೊಬ್ಬರು ಜತೆಗಿರಬೇಕು.

ಮೊದಲ 5 ನಿಮಿಷ ಪ್ರಾಣಿಗಳ ನಡಿಗೆ. ಕರಡಿ, ಏಡಿ, ಕಪ್ಪೆ, ಕೊಕ್ಕರೆ. ಇದು ಮೈ ಬಿಸಿ ಮಾಡುವುದರ ಜತೆಗೆ ಕೈ ಮತ್ತು ಹೊಟ್ಟೆಯ ಸ್ನಾಯುಗಳಿಗೆ ಕೆಲಸ ಕೊಡುತ್ತದೆ. ನಂತರದ 10 ನಿಮಿಷ ಓಡಿ ಹಿಡಿಯುವ ಆಟ. ಮತ್ತೆ 10 ನಿಮಿಷ ಎಸೆಯುವ, ಹಿಡಿಯುವ ಆಟ. ಕೊನೆಯ 5 ನಿಮಿಷ ಒಂಟಿ ಕಾಲಲ್ಲಿ ನಿಂತು ಚೆಂಡು ಕೊಟ್ಟು ತೆಗೆದುಕೊಳ್ಳುವುದು. ಮಗು ಇನ್ನೂ ಆಡಬೇಕು ಎನ್ನುವಾಗಲೇ ನಿಲ್ಲಿಸಿ. ನಾಳೆ ತಾನಾಗಿ ಬರುತ್ತದೆ.

ಹೈದರಾಬಾದ್‌ನಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಮುಟ್ಟುತ್ತದೆ. ಆ ದಿನಗಳಲ್ಲಿ ಬೆಳಗ್ಗೆ 8ರೊಳಗೆ ಅಥವಾ ಸಂಜೆ ಬಿಸಿಲಿಳಿದ ಮೇಲೆ ಆಡಿಸಬೇಕು. ಬಾಯಾರಿಕೆ ಎನ್ನುವವರೆಗೆ ಕಾಯದೆ ನಡುನಡುವೆ ನೀರು ಕೊಡಬೇಕು. ಆಸ್ತಮಾ, ಹೃದಯದ ತೊಂದರೆ ಇರುವ ಮಕ್ಕಳ ವಿಚಾರದಲ್ಲಿ ವೈದ್ಯರನ್ನು ಕೇಳಿ ಆಟ ನಿರ್ಧರಿಸಬೇಕು. ಇಂಥ ಹೆಚ್ಚಿನ ಮಕ್ಕಳಿಗೂ ಸೂಕ್ತ ಆಟ ಇದ್ದೇ ಇರುತ್ತದೆ.

ದೊಡ್ಡವರು ಮಾಡುವ ತಪ್ಪುಗಳು

ಶಾಲೆ ಮತ್ತು ಬಡಾವಣೆಯ ಆಟಗಳಲ್ಲಿ ಸಾಮಾನ್ಯವಾಗಿ ಆಗುವ ದೊಡ್ಡ ತಪ್ಪೆಂದರೆ ಔಟ್ ಆದವರನ್ನು ಹೊರಗೆ ಕೂರಿಸುವುದು. ಮೊದಲು ಔಟ್ ಆಗುವುದು ನಿಧಾನವಾಗಿ ಓಡುವ ಮಗು. ಅಂದರೆ ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ಚುರುಕಾಗಿರುವ ಮಗು ಕೊನೆಯವರೆಗೂ ಆಡಿ ಇನ್ನಷ್ಟು ಚುರುಕಾಗುತ್ತದೆ. ಇದಕ್ಕೆ ಪರಿಹಾರ ಸುಲಭ. ಔಟ್ ಆದವರು ಐದು ಕಪ್ಪೆ ಜಿಗಿತ ಮಾಡಿ ಮತ್ತೆ ಆಟಕ್ಕೆ ಬರಲಿ ಎಂಬ ನಿಯಮ ಮಾಡಿದರಾಯಿತು.

ಎರಡನೆಯದು ಸಾಲು. ಇಪ್ಪತ್ತು ಮಕ್ಕಳಿಗೆ ಒಂದೇ ಚೆಂಡು ಇದ್ದರೆ ಒಂದು ತರಗತಿಯಲ್ಲಿ ಒಬ್ಬೊಬ್ಬರಿಗೆ ಎರಡು ಸಲ ಎಸೆಯಲು ಸಿಕ್ಕರೆ ಹೆಚ್ಚು. ನಾಲ್ಕು ನಾಲ್ಕು ಮಕ್ಕಳ ಗುಂಪು, ಗುಂಪಿಗೊಂದು ಬಟ್ಟೆ ಚೆಂಡು ಕೊಟ್ಟರೆ ಅದೇ ಸಮಯದಲ್ಲಿ ಐದು ಪಟ್ಟು ಅಭ್ಯಾಸವಾಗುತ್ತದೆ.

ಮೂರನೆಯದು ಓಟವನ್ನು ಶಿಕ್ಷೆಯಾಗಿ ಕೊಡುವುದು. ತಪ್ಪು ಮಾಡಿದ್ದಕ್ಕೆ ಮೈದಾನ ಸುತ್ತಿಸಿದರೆ ಮಗುವಿನ ಮನಸ್ಸಿನಲ್ಲಿ ಓಟ ಎಂದರೆ ಅವಮಾನ ಎಂದೇ ಉಳಿಯುತ್ತದೆ. ದಪ್ಪಗಿರುವ ಮಗುವನ್ನು ಆಟದ ಮಧ್ಯೆ ಗೇಲಿ ಮಾಡುವುದೂ ಅಷ್ಟೇ ಹಾನಿಕರ.

ಪ್ರಗತಿ ಅಳೆಯುವುದು ಹೇಗೆ?

ಮಗು ಎಷ್ಟು ಪಂದ್ಯ ಗೆದ್ದಿತು ಎಂಬುದು ಈ ವಯಸ್ಸಿನ ಅಳತೆಗೋಲಲ್ಲ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯ ಶಾಲಾ ಫಿಟ್ನೆಸ್ ಪರೀಕ್ಷೆ ಕೂಡ 5ರಿಂದ 8 ವರ್ಷದ ಮಕ್ಕಳಿಗೆ ಓಟದ ಸ್ಪರ್ಧೆ ಇಟ್ಟಿಲ್ಲ. ಎತ್ತರ-ತೂಕದ ಅನುಪಾತದ ಜತೆಗೆ ಎರಡನ್ನು ಮಾತ್ರ ನೋಡಲಾಗುತ್ತದೆ. ಒಂದು, ಒಂಟಿ ಕಾಲಲ್ಲಿ ನಿಲ್ಲುವ ಫ್ಲೆಮಿಂಗೊ ಸಮತೋಲನ ಪರೀಕ್ಷೆ. ಇನ್ನೊಂದು, ಎರಡು ತಟ್ಟೆಗಳನ್ನು ಒಂದೇ ಕೈಯಿಂದ ಒಂದಾದ ಮೇಲೊಂದರಂತೆ ವೇಗವಾಗಿ ಮುಟ್ಟುವ ಪರೀಕ್ಷೆ. 50 ಮೀಟರ್ ಓಟ, 600 ಮೀಟರ್ ಓಟ-ನಡಿಗೆಯಂಥವು ಬರುವುದು 9 ವರ್ಷದ ನಂತರ.

ಮನೆಯಲ್ಲೂ ಇದನ್ನು ಗಮನಿಸಬಹುದು. ಒಂಟಿ ಕಾಲಲ್ಲಿ ಎಷ್ಟು ಸೆಕೆಂಡ್ ನಿಲ್ಲುತ್ತದೆ? ಎರಡೂ ಕಾಲಲ್ಲಿ ಕುಂಟಲು ಬರುತ್ತದೆಯೇ? ಹತ್ತು ಎಸೆತದಲ್ಲಿ ಎಷ್ಟು ಚೆಂಡು ಹಿಡಿಯುತ್ತದೆ? ತಿಂಗಳಿಗೊಮ್ಮೆ ನೋಡಿ, ಮಗುವನ್ನು ಅದರ ಹಿಂದಿನ ತಿಂಗಳ ಜತೆಗೆ ಮಾತ್ರ ಹೋಲಿಸಿ. ಪಕ್ಕದ ಮನೆಯ ಮಗುವಿನ ಜತೆ ಬೇಡ. ಒಂದೇ ತರಗತಿಯಲ್ಲಿ ಜೂನ್‌ನಲ್ಲಿ ಹುಟ್ಟಿದ ಮಗುವಿಗೂ ಮರುವರ್ಷದ ಮೇನಲ್ಲಿ ಹುಟ್ಟಿದ ಮಗುವಿಗೂ ಸುಮಾರು ಒಂದು ವರ್ಷದ ಅಂತರ ಇರುತ್ತದೆ. ಆರನೇ ವಯಸ್ಸಿನಲ್ಲಿ ಅದು ತುಂಬಾ ದೊಡ್ಡ ಅಂತರ.

ಆರು ವರ್ಷ ದಾಟಿದರೂ ಮಗು ಪದೇ ಪದೇ ಬೀಳುತ್ತಿದ್ದರೆ, ಎರಡೂ ಕಾಲೆತ್ತಿ ಜಿಗಿಯಲು ಆಗದಿದ್ದರೆ ಅಥವಾ ಒಂದು ಬದಿಯ ಕೈಕಾಲನ್ನು ಮಾತ್ರ ಬಳಸುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಹಾಗಾದರೆ ಕೋಚಿಂಗ್ ಬೇಡವೇ?

ಬೇಡ ಎಂದಲ್ಲ. ಮಗು ತಾನಾಗಿ ಕೇಳಿದರೆ ಏಳೆಂಟು ವರ್ಷಕ್ಕೆ ಕಳಿಸಬಹುದು. ಆದರೆ ಸೇರಿಸುವ ಮುನ್ನ ಕೆಲವು ಪ್ರಶ್ನೆ ಕೇಳಿ. ತರಗತಿಯ ಎಷ್ಟು ಸಮಯ ಆಟಕ್ಕೆ, ಎಷ್ಟು ಸಮಯ ಸಾಲಿನಲ್ಲಿ ನಿಲ್ಲುವುದಕ್ಕೆ ಹೋಗುತ್ತದೆ? ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು? ಬೇರೆ ಆಟ ಆಡಲು ಬಿಡುತ್ತಾರೆಯೇ? ಶೌಚಾಲಯ, ಕುಡಿಯುವ ನೀರು, ಮಹಿಳಾ ಸಿಬ್ಬಂದಿ ಇದ್ದಾರೆಯೇ? ಪೋಷಕರು ಕೂತು ನೋಡಬಹುದೇ?

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ವರದಿಯಂತೆ ವಾರಕ್ಕೆ ಒಂದೆರಡು ದಿನ ಆ ಕ್ರೀಡೆಯಿಂದ ಬಿಡುವು ಇರಬೇಕು. ವರ್ಷದಲ್ಲಿ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳಂತೆ ವಿರಾಮ ಇರಬೇಕು. ಆಗ ಬೇರೆ ಆಟ ಆಡಬಹುದು. ಮಗು ಕುಂಟುತ್ತಿದ್ದರೆ, ಒಂದೇ ಜಾಗದಲ್ಲಿ ನೋವು ಎನ್ನುತ್ತಿದ್ದರೆ, ಕೋಚಿಂಗ್ ಹೊತ್ತಿಗೆ ಹೊಟ್ಟೆನೋವು ಎಂದು ಅಳುತ್ತಿದ್ದರೆ ಅದನ್ನು ನೆಪ ಎಂದು ತಳ್ಳಿಹಾಕಬೇಡಿ.

ಆಡಲು ಜಾಗ ಎಲ್ಲಿದೆ?

ಎಲ್ಲ ಸಲಹೆಗಳೂ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಗೆ ಆಟದ ಮೈದಾನ ಇರಲೇಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಬುನಾದಿ ಹಂತ ಎಂದು ಕರೆದು ಆಟ ಆಧಾರಿತ ಕಲಿಕೆಗೆ ಒತ್ತು ನೀಡಿದೆ. ಆದರೆ ನಗರಗಳಲ್ಲಿ ಕಟ್ಟಡದ ಮಹಡಿಗಳಲ್ಲೇ ಶಾಲೆ ನಡೆಯುವುದು ಗುಟ್ಟೇನಲ್ಲ. ಪ್ರವೇಶ ಮಾಡಿಸುವಾಗ ಪೋಷಕರು ಕಂಪ್ಯೂಟರ್ ಲ್ಯಾಬ್ ಕೇಳಿದಷ್ಟೇ ಗಟ್ಟಿಯಾಗಿ ಮೈದಾನವನ್ನೂ ಕೇಳಬೇಕಿದೆ.

ಹೈದರಾಬಾದ್ ಮಹಾನಗರ ಪಾಲಿಕೆ ಬೇಸಿಗೆಯಲ್ಲಿ ತನ್ನ ಮೈದಾನಗಳಲ್ಲಿ ನಾಮಮಾತ್ರ ಶುಲ್ಕಕ್ಕೆ ಮಕ್ಕಳ ಕ್ರೀಡಾ ಶಿಬಿರ ನಡೆಸಿಕೊಂಡು ಬಂದಿದೆ. ಇಂದಿರಾ ಪಾರ್ಕ್, ಸಂಜೀವಯ್ಯ ಪಾರ್ಕ್‌ನಂಥ ಜಾಗಗಳಿವೆ. 2021ರಲ್ಲಿ ಭಾನುವಾರ ಸಂಜೆ ಟ್ಯಾಂಕ್ ಬಂಡ್ ರಸ್ತೆಯಲ್ಲಿ ವಾಹನ ನಿಲ್ಲಿಸಿ ಜನರಿಗೆ ಬಿಟ್ಟುಕೊಟ್ಟಾಗ ಮಕ್ಕಳು ರಸ್ತೆ ಮಧ್ಯೆ ಓಡಾಡಿದ್ದನ್ನು ನಗರ ನೋಡಿದೆ. ಬಡಾವಣೆಯ ಒಂದು ಅಡ್ಡರಸ್ತೆಯನ್ನು ವಾರಕ್ಕೆ ಎರಡು ಗಂಟೆ ಸಂಚಾರ ಪೊಲೀಸರ ಅನುಮತಿಯೊಂದಿಗೆ ಮಕ್ಕಳಿಗೆ ಬಿಟ್ಟುಕೊಡುವುದು ನಿವಾಸಿ ಸಂಘಗಳಿಗೆ ಅಸಾಧ್ಯವೇನಲ್ಲ.

ಜಾಗ ದೊಡ್ಡದೇ ಇರಬೇಕೆಂದೂ ಇಲ್ಲ. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಮದುವೆ ಇದ್ದ ದಿನ ಅಲ್ಲಿ ಆಟ ಇರುತ್ತಿರಲಿಲ್ಲ.

ಗೋಪಿಚಂದ್ ಎತ್ತಿದ ಪ್ರಶ್ನೆ ಕ್ರೀಡಾ ವೃತ್ತಿಗೆ ಸಂಬಂಧಿಸಿದ್ದು. ಅದಕ್ಕೆ ಹಣ, ಅದೃಷ್ಟ, ವ್ಯವಸ್ಥೆ ಎಲ್ಲವೂ ಬೇಕು. ಆದರೆ ಐದು ವರ್ಷದ ಮಗು ಚೆನ್ನಾಗಿ ಓಡುವುದಕ್ಕೆ, ಜಿಗಿಯುವುದಕ್ಕೆ, ಎಸೆಯುವುದಕ್ಕೆ ಶ್ರೀಮಂತಿಕೆ ಬೇಕಿಲ್ಲ. ಒಂದು ಸೀಮೆಸುಣ್ಣ, ಹಳೆಯ ಕಾಲುಚೀಲದ ಚೆಂಡು, ನಾಲ್ಕು ಜತೆಗಾರರು ಮತ್ತು ಮೊಬೈಲ್ ಪಕ್ಕಕ್ಕಿಟ್ಟ ಒಬ್ಬ ಹಿರಿಯರು ಇದ್ದರೆ ಇಂದು ಸಂಜೆಯೇ ಶುರು ಮಾಡಬಹುದು.